ಬಿದ್ದ ಮರದಲ್ಲಿ ಮೂರು ರಾತ್ರಿಯ ಕರೆಂಟ್ ಇದೆ, ಆದ್ರೆ ಒಂದು ಷರತ್ತು

(1/6)
ಮೊದಲ ಫೋಟೋ ನೋಡಿ. ಹೋದ ತಿಂಗಳ ಮಳೆಗೆ ನಮ್ಮ ಕಾಲೇಜ್ ಗೇಟ್ ಪಕ್ಕದ ಗುಲ್‌ಮೊಹರ್ ಉರುಳಿ ವೈರ್ ಮೇಲೇ ಬಿತ್ತು. ರಾತ್ರಿಯೆಲ್ಲ ಹಾಸ್ಟೆಲ್‌ಗೆ ಡೀಸೆಲ್ ಜನರೇಟರೇ ಗತಿ. ಬೆಳಗ್ಗೆ ದಪ್ಪ ದಿಮ್ಮಿಗಳು ಲಾರಿ ಹತ್ತಿದವು, ಕೊಂಬೆ-ರೆಂಬೆ ಅಲ್ಲೇ ಉಳೀತು. ಈಗ ಸ್ವೈಪ್ ಮಾಡಿ. ಹದಿನೈದು ದಿನ ಆದ್ಮೇಲೆ ಅದೇ ರಾಶಿಗೆ ಯಾರೋ ಬೆಂಕಿ ಇಟ್ಟಿದ್ದಾರೆ. ಬಯಲಲ್ಲಿ ಕಸ ಸುಟ್ಟರೆ ₹5,000 ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2016ರಲ್ಲೇ ಹೇಳಿದೆ. ಆದ್ರೂ ಹೊಗೆ ಕುಡಿದವರು ನಾವೇ.

ಒಂದು ಕಡೆ ದುಡ್ಡು ಕೊಟ್ಟು ಡೀಸೆಲ್ ಸುಡ್ತೀವಿ. ಇನ್ನೊಂದು ಕಡೆ ಪುಕ್ಕಟೆ ಸಿಕ್ಕ ಸೌದೆಯನ್ನ ಬೀದಿಯಲ್ಲಿ ಸುಡ್ತೀವಿ. ಇದ್ಯಾವ ಲೆಕ್ಕ?

(2/6)
ಸೌದೆಯಿಂದ ಎಂಜಿನ್ ಓಡುತ್ತಾ ಅಂತ ನಗಬೇಡಿ. ನಿಮ್ಮ ಮನೆಯ ಹಿರಿಯರನ್ನ ‘ಇದ್ದಿಲು ಬಸ್’ ಬಗ್ಗೆ ಕೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸ್‌ನಲ್ಲೇ ಓಡಿದ್ವು.

ವಿಷಯ ಸರಳ. ಒಣ ಮರದ ಚೂರುಗಳನ್ನ ಮುಚ್ಚಿದ ಉರುಳೆಯಲ್ಲಿ ಹಾಕಿ, ಪೂರ್ತಿ ಉರಿಯೋಕೆ ಸಾಲದಷ್ಟೇ ಗಾಳಿ ಕೊಡೋದು. ಆಗ ಬರೋ ಅನಿಲವೇ ಉರಿಯುತ್ತೆ. ಅದನ್ನ ತಣಿಸಿ, ಸೋಸಿ ಎಂಜಿನ್‌ಗೆ ಬಿಟ್ರೆ ಜನರೇಟರ್ ತಿರುಗುತ್ತೆ. ಇದಕ್ಕೆ ಗ್ಯಾಸಿಫೈಯರ್ ಅಂತಾರೆ.

(3/6)
ಇದು ನಮ್ಮಲ್ಲೇ ಆಗಿರೋ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಅನ್ನೋ ಕೇಂದ್ರ ಶುರು ಮಾಡಿದ್ರು. ಅಲ್ಲಿಯವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಇಂಥ ಯಂತ್ರ ತಂದ್ರು. ಅಲ್ಲಿಯವರೆಗೂ ಆ ಊರಿಗೆ ಕರೆಂಟೇ ಇರಲಿಲ್ಲ. ಮನೆಗೆ ದೀಪ, ಕುಡಿಯೋ ನೀರು, ಹಿಟ್ಟಿನ ಗಿರಣಿ, ಎಲ್ಲಾ ಬಹುಪಾಲು ಸೌದೆಯಿಂದ. ಹಳ್ಳಿಯವರು ಅದಕ್ಕಾಗಿ ಮರ ಬೆಳೆಸಬೇಕಾಯ್ತು. ನಮಗೆ ಮಳೆಗಾಲ ಬಂದ್ರೆ ಮರ ತಾನಾಗೇ ಬಂದು ಬೀಳುತ್ತೆ!

(4/6)
ಈಗ ಲೆಕ್ಕ. ಹಸಿ ಕೊಂಬೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ಒಂದು ಟನ್ ಕೊಂಬೆ ಒಣಗಿದ್ರೆ ಹತ್ತಿರ ಹತ್ತಿರ 600 ಕೆ.ಜಿ. ಉಳೀತು ಅನ್ಕೊಳ್ಳಿ. ಒಂದು ಯೂನಿಟ್‌ಗೆ 1.2 ಕೆ.ಜಿ. ಸೌದೆ ಅಂತ ಹಿಡಿದ್ರೆ ಸುಮಾರು 500 ಯೂನಿಟ್. 20 ಕಿಲೋವ್ಯಾಟ್ ಯಂತ್ರ ರಾತ್ರಿ 8 ಗಂಟೆ ಓಡಿದ್ರೆ 160 ಯೂನಿಟ್. ಅಂದ್ರೆ ಒಂದು ಟನ್ = ಮೂರು ರಾತ್ರಿ. ಹಾಸ್ಟೆಲ್‌ನ ಲೈಟು, ಫ್ಯಾನಿಗೆ ಇದು ಸಾಕು.

ಇದರಿಂದ ಇಡೀ ನಗರ ಬೆಳಗಲ್ಲ. ಹಗಲಿಗೆ ಸೋಲಾರೇ ಮೇಲು, ಅದನ್ನೂ ಒಪ್ತೀನಿ. ಆದ್ರೆ ಮೋಡ ಕವಿದ ದಿನ, ಕರೆಂಟ್ ಹೋದ ರಾತ್ರಿ ಡೀಸೆಲ್ ಬದಲು ಏನು ಅನ್ನೋದಕ್ಕೆ ಶೆಡ್ಡಲ್ಲಿ ಒಣಗಿರೋ ಸೌದೆ ಒಂದು ಉತ್ತರ.

(5/6)
ಷರತ್ತು ಇಲ್ಲಿದೆ. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ 2003ರಿಂದ ಮರದ ತ್ಯಾಜ್ಯದ 25 ಮೆಗಾವ್ಯಾಟ್ ಸ್ಥಾವರ ಇದೆ. ಅದರ ಬಿಸಿಯಿಂದ ಪೇಟೆಯ ಕಟ್ಟಡಗಳನ್ನೂ ಬೆಚ್ಚಗಿಡ್ತಾರೆ. ಒಳ್ಳೇದೇ. ಆದ್ರೆ ಅಷ್ಟು ದೊಡ್ಡ ಹೊಟ್ಟೆಗೆ ವರ್ಷಕ್ಕೆ ಲಕ್ಷಗಟ್ಟಲೆ ಟನ್ ಬೇಕು. ನಮ್ಮಲ್ಲಿ ಅಂಥದ್ದು ಬಂದ್ರೆ ನಂಗೆ ಭಯ. ಇವತ್ತು ಬಿದ್ದ ಮರ ಕೇಳುತ್ತೆ, ನಾಳೆ ನಿಂತಿರೋ ಮರದ ಮೇಲೆ ಕಣ್ಣು ಹಾಕುತ್ತೆ. ‘ಅಪಾಯಕಾರಿ ಮರ’ ಅಂತ ಬರೆದು ಕೊಡಲಿಕ್ಕೆ ಎಷ್ಟು ಹೊತ್ತು?

ಅದಕ್ಕೇ ಯಂತ್ರ ಚಿಕ್ಕದಿರಲಿ. ಅತಿ ಕಡಿಮೆ ಕೊಂಬೆ ಸಿಗೋ ತಿಂಗಳಿನ ಲೆಕ್ಕಕ್ಕೆ ತಕ್ಕಷ್ಟೇ ಇರಲಿ. ಒಳ್ಳೆ ದಿಮ್ಮಿ ಬಡಗಿಗೆ, ಎಲೆ ಗೊಬ್ಬರಕ್ಕೆ, ಉಳಿದ ಕೊಂಬೆ ಮಾತ್ರ ಯಂತ್ರಕ್ಕೆ. ಬಣ್ಣ ಬಳಿದ ಮರ, ಪ್ಲೈವುಡ್ ಬೇಡವೇ ಬೇಡ. ಒಳಗೆ ಬಂದ ಪ್ರತಿ ಕೊಂಬೆ ಯಾವ ಮರದ್ದು ಅಂತ ಎಲ್ಲರಿಗೂ ಕಾಣೋ ಹಾಗೆ ಪುಸ್ತಕದಲ್ಲಿ ಬರೀಬೇಕು. ಇನ್ನೊಂದು ಮಾತು: ಈ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ಸೋರಿದ್ರೆ ಜೀವಕ್ಕೇ ಅಪಾಯ. ಸೋಸಿದಾಗ ಬರೋ ಟಾರ್ ನೀರನ್ನ ಚರಂಡಿಗೆ ಬಿಡೋ ಹಾಗಿಲ್ಲ. ಹಾಗಾಗಿ ಯಂತ್ರ ಗಾಳಿಯಾಡೋ ಶೆಡ್ಡಲ್ಲೇ ಇರಬೇಕು, ತರಬೇತಿ ಪಡೆದ, ಸರಿಯಾದ ಸಂಬಳ ಇರೋ ಆಪರೇಟರ್ ಬೇಕು. ‘ಸ್ಟೂಡೆಂಟ್ಸ್ ನೋಡ್ಕೊಳ್ತಾರೆ ಬಿಡಿ’ ಅನ್ನೋ ಯೋಜನೆ ಮೂರೇ ತಿಂಗಳಿಗೆ ತುಕ್ಕು ಹಿಡಿಯುತ್ತೆ.

(6/6)
ಹಾಗಾದ್ರೆ ಈಗ್ಲೇ ಯಂತ್ರ ಕೊಡ್ಸಿ ಅಂತ ಕೇಳೋಣ್ವಾ? ಬೇಡ. ಮೊದಲು ತೂಕ ಹಾಕೋಣ. ಮುಂದಿನ ಒಂದು ವರ್ಷ ಕ್ಯಾಂಪಸ್‌ನಲ್ಲಿ ಬೀಳೋ, ಸವರೋ ಕೊಂಬೆಗಳನ್ನ ತಿಂಗಳು ತಿಂಗಳು ತೂಗಿ ಬರೆಯೋಣ. ಮಾಲಿ ಅಣ್ಣನ ಹತ್ರ ಮಾತಾಡಿದ್ದೀನಿ, ‘ತಕ್ಕಡಿ ತನ್ನಿ, ನಾನ್ ರೆಡಿ’ ಅಂದ್ರು. ಜೊತೆಗೆ ಜನರೇಟರ್ ಎಷ್ಟು ಡೀಸೆಲ್ ಕುಡೀತು ಅನ್ನೋದನ್ನೂ ಕೇಳಿ ಬರೆಯೋಣ. ಎರಡೂ ಅಂಕಿ ಪಕ್ಕಪಕ್ಕ ಇಟ್ಕೊಂಡು ಪ್ರಿನ್ಸಿಪಾಲರ ಹತ್ರ ಹೋದ್ರೆ ಮಾತಿಗೆ ಬೆಲೆ ಇರುತ್ತೆ. ಲೆಕ್ಕ ಹೊಂದದಿದ್ರೆ ಯಂತ್ರ ಬೇಡ ಅಂತ ನಾವೇ ಹೇಳೋಣ.

ತಕ್ಕಡಿ ಹಿಡಿಯೋಕೆ ಯಾರ್ ಬರ್ತೀರಾ? ಕಾಮೆಂಟಲ್ಲಿ ‘ನಾನ್ ಬರ್ತೀನಿ’ ಅಂತ ಹಾಕಿ. ನಿಮ್ಮ ಬೀದೀಲಿ ಬಿದ್ದ ಮರ ಏನಾಯ್ತು ಅಂತಾನೂ ಬರೀರಿ.

#ಬಿದ್ದಮರ #ನಮ್ಮಕ್ಯಾಂಪಸ್ #ಸೌದೆಯಿಂದಕರೆಂಟ್