ಚಿನ್ನದ ತಕ್ಕಡಿಯಲ್ಲಿ ತೂಗಲಾಗದ್ದು

ಹಟ್ಟಿಯ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ಕೂತಿದ್ದಾಗ ಪರಿಚಯದ ಕಾವಲುಗಾರರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಸೈನ್ಯದಲ್ಲಿದ್ದು ನಿವೃತ್ತರಾದವರು. ಈಗ ಹಣ ಸಾಗಿಸುವ ವ್ಯಾನಿನ ಜತೆ ಜೋಡುನಳಿಗೆಯ ಬಂದೂಕು ಹಿಡಿದು ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ತಿರುಗುತ್ತಾರೆ. ಬಸಿಗೆ ಚಹಾ ಸುರಿದುಕೊಳ್ಳುತ್ತ ಕೇಳಿದರು:

“ವಕೀಲ್ರೇ, ಈ ಬಂದೂಕ ನಾನು ಯಾವಾಗ ಹಾರಸಬಹುದ್ರೀ? ನಾಕು ವರ್ಷಾತು, ಹೊತ್ಕೊಂಡು ತಿರಗಾಕತ್ತೀನಿ. ಒಬ್ರೂ ಹೇಳಿಲ್ಲ.”

“ಹಾರಿಸದೇ ಇದ್ರ ಎಲ್ಲಕ್ಕಿಂತ ಛಲೋ” ಎಂದೆ. ನಕ್ಕರು, ಆದರೆ ಬಿಡಲಿಲ್ಲ. “ಅದು ಉತ್ತರ ಅಲ್ರೀ. ಕೊಡ್ಲಿ ಹಿಡ್ಕೊಂಡು ಮೈಮ್ಯಾಲೆ ಬಂದವನ್ನ ನಿಲ್ಲಿಸಿ, ತಡೀಪಾ, ವಕೀಲ್ರನ್ನ ಕೇಳಿ ಬರ್ತೀನಿ ಅನ್ನಾಕ ಆಗ್ತೈತೇನು?”

ಅವರ ಮಾತು ನಿಜ. ಈ ಪ್ರಶ್ನೆಗೆ ಉತ್ತರ ಬೇಕಾದಾಗ ಪುಸ್ತಕ ತೆರೆಯಲು ಪುರುಸೊತ್ತಿರುವುದಿಲ್ಲ. ಪುರುಸೊತ್ತು ಸಿಗುವುದು ಆಮೇಲೆ, ಕಟಕಟೆಯಲ್ಲಿ ನಿಂತಾಗ.

ಪುಸ್ತಕದಲ್ಲಿ ಉತ್ತರವೇನೋ ಇದೆ. 1860ರ ಭಾರತೀಯ ದಂಡಸಂಹಿತೆಯಲ್ಲಿ 96ರಿಂದ 106ರವರೆಗೆ ಇದ್ದ ಕಲಮುಗಳು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗೆ ಹೆಚ್ಚು ಬದಲಾಗದೆ ಬಂದು ಕುಳಿತಿವೆ. ನಮ್ಮಂಥವರು ನಂಬರುಗಳನ್ನು ಮತ್ತೆ ಬಾಯಿಪಾಠ ಮಾಡಬೇಕಾಯಿತು, ಅಷ್ಟೆ. ಮೆಕಾಲೆಯ ಮುಂದಾಳತ್ವದಲ್ಲಿ 1837ರಲ್ಲಿ ಮೊದಲ ಕರಡು ಬರೆದವರಿಗೆ ಈ ದೇಶದ ಜನ ಏಟು ತಿಂದು ಸುಮ್ಮನಿರುವವರು ಎಂಬ ಅಭಿಪ್ರಾಯವಿತ್ತು. ಆದ್ದರಿಂದ ಆತ್ಮರಕ್ಷಣೆಯ ಹಕ್ಕನ್ನು ಕೊಂಚ ಧಾರಾಳವಾಗಿಯೇ ಬರೆದರು. ತನ್ನ ಮೈಯನ್ನು ಮಾತ್ರವಲ್ಲ, ಇನ್ನೊಬ್ಬರ ಮೈಯನ್ನೂ, ತನ್ನ ಮತ್ತು ಇನ್ನೊಬ್ಬರ ಸೊತ್ತನ್ನೂ ಕಾಪಾಡುವ ಹಕ್ಕು ಎಲ್ಲರಿಗೂ ಇದೆ. ಬೆನ್ನು ತೋರಿಸಿ ಓಡಿಹೋಗು ಎಂದು ನಮ್ಮ ಕಾನೂನು ಯಾರಿಗೂ ಹೇಳುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಲೈಸೆನ್ಸ್ ಎಂಬುದು ಬಂದೂಕು ಇಟ್ಟುಕೊಳ್ಳಲು ಕೊಟ್ಟ ಅನುಮತಿ. ಮನುಷ್ಯನ ಮೇಲೆ ಹಾರಿಸಲು ಕೊಟ್ಟದ್ದಲ್ಲ. ಹಾರಿಸುವ ಹಕ್ಕು ಹುಟ್ಟುವುದು ಎದುರಿಗೆ ಬಂದ ಅಪಾಯದಿಂದ, ಜಿಲ್ಲಾಧಿಕಾರಿಗಳ ಮೊಹರಿನಿಂದಲ್ಲ. ಓಬವ್ವನ ಒನಕೆಗೆ ಯಾರ ಲೈಸೆನ್ಸೂ ಇರಲಿಲ್ಲ. ಹಾಗೆಯೇ ಕಳ್ಳ ಪಿಸ್ತೂಲು ಹಾರಿಸಿ ಜೀವ ಉಳಿಸಿಕೊಂಡವನು ಕೊಲೆಯ ಆರೋಪದಿಂದ ಪಾರಾಗಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಮಾತ್ರ ಬೇರೆಯಾಗಿ ಅವನ ಬೆನ್ನು ಹತ್ತುತ್ತದೆ.

ಹಾಗಾದರೆ ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗಲು ಯಾವಾಗ ಅವಕಾಶ? ಮೈಗೆ ಸಂಬಂಧಿಸಿದಂತೆ ಏಳು ಸಂದರ್ಭಗಳನ್ನು ಕಾನೂನು ಹೆಸರಿಸುತ್ತದೆ. ಸಾವಿನ ಭೀತಿ, ಗಂಭೀರ ಗಾಯದ ಭೀತಿ, ಅತ್ಯಾಚಾರ, ಅಪಹರಣ ಇತ್ಯಾದಿ. ಏಳನೆಯದಾದ ಆಸಿಡ್ ದಾಳಿ ಸೇರಿದ್ದು 2013ರಲ್ಲಿ. ಈ ಪಟ್ಟಿಗಿಂತ ಮುಖ್ಯವಾದದ್ದು ಅದರ ಹಿಂದಿರುವ ಮಾತು: ಭೀತಿಗೆ ಕಾರಣವಿರಬೇಕು. ಏಟು ಬೀಳುವ ತನಕ ಕಾಯಬೇಕಾಗಿಲ್ಲ. ಕೊಡಲಿ ಮೇಲೆದ್ದರೆ ಸಾಕು. ಎತ್ತಿದವನು ಕುಡಿದಿದ್ದನೇ, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವನೇ ಎಂಬುದರಿಂದಲೂ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ಆದರೆ ಅಪಾಯದ ಭೀತಿ ಇರುವಷ್ಟು ಹೊತ್ತು ಮಾತ್ರ ಹಕ್ಕು. ಕೊಡಲಿ ಕೆಳಗೆ ಬಿದ್ದು ಆಸಾಮಿ ತಿರುಗಿ ಓಡಿದ ಗಳಿಗೆಗೆ ಹಕ್ಕೂ ಮುಗಿಯಿತು. ಆಮೇಲೆ ಹಾರಿದ ಗುಂಡು ಸೇಡಿನ ಲೆಕ್ಕಕ್ಕೆ ಹೋಗುತ್ತದೆ.

ಇದನ್ನು ಬಿಡಿಸಿ ಹೇಳಿದ ತೀರ್ಪು 1962ರದು, ಪಂಜಾಬ್ ಸರಕಾರದ ವಿರುದ್ಧ ಜೈದೇವ್ ಎಂಬ ಪ್ರಕರಣ. ಹೊಲದ ಸ್ವಾಧೀನದ ಜಗಳ, ಬಂದೂಕು, ಹೆಣಗಳು. ತೀರ್ಪು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡಕರ್. ನಮ್ಮ ಕುಷ್ಟಗಿಯ ಆಚೆಗಿರುವ ಗಜೇಂದ್ರಗಡವನ್ನು ಹೆಸರಿನಲ್ಲೇ ಹೊತ್ತು, 1964ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದವರು. ಹೊಲಕ್ಕೆ ನುಗ್ಗಿ ಬಂದವರನ್ನು ತಡೆಯುವ ಹಕ್ಕನ್ನು ಅವರು ಒಪ್ಪಿದರು. ಆದರೆ ಬಂದವರು ಓಡತೊಡಗಿದ ಮೇಲೂ ಗುಂಡು ಹಾರಿಸಿದ್ದನ್ನು ಒಪ್ಪಲಿಲ್ಲ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ದಾಳಿಗೆ ಸಿಕ್ಕವನ ಮನಸ್ಸು ಗಲಿಬಿಲಿಗೊಂಡಿರುತ್ತದೆ, ಅವನ ನಡತೆಯನ್ನು ನ್ಯಾಯಾಲಯದ ತಣ್ಣನೆಯ ಕೋಣೆಯ ಅಳತೆಯಿಂದ ಅಳೆಯಬಾರದು ಎಂಬುದು ಅದರ ಸಾರಾಂಶ. ಮುಂದೆ ಬಂದ ತೀರ್ಪುಗಳಲ್ಲಿ ಇದು ಒಂದು ಹೋಲಿಕೆಯಾಗಿ ಬೆಳೆಯಿತು: ಪ್ರಾಣಭಯದಲ್ಲಿದ್ದವನು ಎಷ್ಟು ಬಲ ಸಾಕೆಂದು ಚಿನ್ನದ ತಕ್ಕಡಿಯಲ್ಲಿ ತೂಗಿ ನೋಡಿ ಹೊಡೆಯಲಾರ.

ಟನ್ನುಗಟ್ಟಲೆ ಕಲ್ಲು ಅರೆದು ಗ್ರಾಂ ಲೆಕ್ಕದಲ್ಲಿ ಬಂಗಾರ ತೆಗೆಯುವ ಊರಿನಲ್ಲಿ ಕೂತು ಇದನ್ನು ಹೇಳಿದಾಗ ನಮ್ಮ ಕಾವಲುಗಾರರಿಗೆ ಖುಷಿಯಾಯಿತು. “ಹಂಗಾದ್ರ ಒಂದು ಗುಂಜಿ ಹೆಚ್ಚು ಕಡಿಮಿ ಆದ್ರ ನಡಿತೈತಿ ಅಂದಂಗಾತು” ಎಂದರು. ಒಂದು ಗುಂಜಿ ನಡೆಯುತ್ತದೆ, ಒಂದು ತೊಲೆ ನಡೆಯುವುದಿಲ್ಲ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಮಿತಿ ಮೀರಿದವನಿಗೆ ಕೊಲೆಯ ಶಿಕ್ಷೆ ತಪ್ಪುತ್ತದೆ, ನಿಜ. ಆದರೆ ಕೊಲೆಯಲ್ಲದ ನರಹತ್ಯೆಯ ಶಿಕ್ಷೆ ಕಾದಿರುತ್ತದೆ. ಹೊಸ ಸಂಹಿತೆಯ 105ನೇ ಕಲಮಿನಲ್ಲಿ, ಕೊಲ್ಲುವ ಉದ್ದೇಶವಿದ್ದುದು ರುಜುವಾತಾದರೆ, ಅದಕ್ಕೆ ಕನಿಷ್ಠ 5 ವರ್ಷ. ಗುಂಜಿಯ ಲೆಕ್ಕದಲ್ಲಿ ಅದೇನೂ ಸಣ್ಣದಲ್ಲ.

ನಮ್ಮ ಕಡೆ ಸೊತ್ತಿನ ವಿಷಯವೇ ಹೆಚ್ಚು ತೊಡಕಿನದು. ಕಳ್ಳನನ್ನು ಕೊಂದರೆ ಪಾಪವಿಲ್ಲ ಎಂದು ಊರಕಡೆ ಸಲೀಸಾಗಿ ಹೇಳಿಬಿಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಕಣದಿಂದ ಜೋಳದ ಚೀಲ ಹೊತ್ತೊಯ್ದವನನ್ನು ಹಿಡಿಯಬಹುದು, ಚೀಲ ಕಿತ್ತುಕೊಳ್ಳಬಹುದು, ಕೊಲ್ಲುವಂತಿಲ್ಲ. ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆಗೆ ಕನ್ನ, ವಾಸದ ಮನೆಗೆ ಇಲ್ಲವೆ ಸಾಮಾನಿಟ್ಟ ಕಟ್ಟಡಕ್ಕೆ ಬೆಂಕಿ, ಇಲ್ಲವೆ ಜೀವಕ್ಕೂ ಅಪಾಯವೆಂದು ಅನ್ನಿಸುವಂಥ ಕಳ್ಳತನ, ಇವುಗಳಲ್ಲಿ ಮಾತ್ರ ಆ ಮಟ್ಟದ ಹಕ್ಕು. ರಾತ್ರಿ ಕನ್ನ ಹಾಕಿದವನು ಮನೆಯೊಳಗೆ ಇರುವವರೆಗೆ ಅದು ಉಂಟು, ಗೋಡೆ ಹಾರಿ ಹೊಲದ ಕಡೆ ಓಡಿದ ಮೇಲೆ ಇಲ್ಲ.

ಇನ್ನು ಒಡ್ಡಿನ ಜಗಳ, ಕಾಲುವೆ ನೀರಿನ ಜಗಳ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನಿಗೆ ತೂಬಿನ ನೀರೆಂದರೆ ಜೀವವೇ. ಆದರೂ ಎರಡೂ ಕಡೆಯವರು ಬಡಿಗೆ, ಕುಡಗೋಲು ಹಿಡಿದು, ಇವತ್ತು ನೋಡೇಬಿಡೋಣ ಎಂದು ಸೇರಿದರೆ ಅಲ್ಲಿ ಆತ್ಮರಕ್ಷಣೆ ಎಂಬ ಮಾತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹೊಡೆದಾಟಕ್ಕೆಂದೇ ಮನೆ ಬಿಟ್ಟವನು ರಕ್ಷಣೆಗೆ ಹೊಡೆದೆ ಎಂದರೆ ಯಾವ ನ್ಯಾಯಾಧೀಶರು ನಂಬುತ್ತಾರೆ? ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ ಎಂದೂ ಕಾನೂನು ಹೇಳುತ್ತದೆ.

ಈ ಕೊನೆಯ ಮಾತು ಓದಿದಾಗಲೆಲ್ಲ ನನಗೆ ನಮ್ಮ ಹಿರಿಯರು ಹೇಳುತ್ತಿದ್ದ ರಜಾಕಾರರ ಕಾಲ ನೆನಪಾಗುತ್ತದೆ. 1947-48ರಲ್ಲಿ ರಾಯಚೂರು ಜಿಲ್ಲೆ ನಿಜಾಮನ ಆಳ್ವಿಕೆಯಲ್ಲಿತ್ತು. ರಜಾಕಾರರು ಊರಿಗೆ ನುಗ್ಗಿದರೆ ದೂರು ಕೊಡಲು ಯಾವ ಠಾಣೆಗೆ ಓಡಬೇಕಿತ್ತು? ಠಾಣೆಯಲ್ಲಿದ್ದವರೂ ಅದೇ ಸರಕಾರದವರು. ಗಡಿಯಾಚೆ ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ಶಿಬಿರಗಳು ಎದ್ದವು. ಶಾಂತಿಯುತ ಸತ್ಯಾಗ್ರಹದಿಂದ ಶುರು ಮಾಡಿದ ಹುಡುಗರು ಬಂದೂಕು ಹಿಡಿಯಬೇಕಾಯಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದು, 17ರಂದು ನಿಜಾಮ ಶರಣಾದ. ಠಾಣೆ ನಮ್ಮದಾದ ಮೇಲೆ ಲೆಕ್ಕ ಬದಲಾಯಿತು. ಕರೆದರೆ ಪೊಲೀಸರು ಬರುತ್ತಾರೆ ಎಂಬ ನಂಬಿಕೆಯ ಮೇಲೆ ಈ ಕಲಮು ನಿಂತಿದೆ. ಅವರು ತಡವಾಗಿ ಬರುವ ಊರುಗಳೂ ಇವೆ, ಅದನ್ನು ನ್ಯಾಯಾಲಯಗಳು ಗಮನಕ್ಕೆ ತಂದುಕೊಳ್ಳಲೇಬೇಕು.

ಗೆದ್ದವನ ಕಥೆಯನ್ನೂ ಹೇಳಬೇಕು. 1991ರ ಜುಲೈನಲ್ಲಿ ಪಂಜಾಬಿನ ಒಂದು ಹೊಲದಲ್ಲಿ ಜಗಳವಾಗಿ, ತಂದೆಯ ತಲೆಗೆ ಹರಿತವಾದ ಆಯುಧದ ಏಟು ಬಿತ್ತು. ಮುಂದಿನ ಏಟಿಗೆ ಮೊದಲೇ ಮಗ ಗುಂಡು ಹಾರಿಸಿದ, ಹೊಡೆದವನು ಸತ್ತ. ಸೆಷನ್ಸ್ ನ್ಯಾಯಾಲಯ ಬಿಡುಗಡೆ ಮಾಡಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಡುಗಡೆ ಮಾಡಿತು. ದರ್ಶನ್ ಸಿಂಗ್ ಪ್ರಕರಣವೆಂದು ವಕೀಲರು ಇಂದಿಗೂ ಉದಾಹರಿಸುವ ತೀರ್ಪು ಅದು. ಒಂದೇ ಗುಂಡು, ಒಂದೇ ಕ್ಷಣ. ಅದು ಸರಿ ಎಂದು ತೀರ್ಮಾನವಾಗಲು ಹದಿನೆಂಟು ವರ್ಷ ದಾಟಿತು.

“ನನ್ನ ವ್ಯಾನಿನ ವಿಷಯ ಹೇಳ್ರಿ” ಎಂದರು ಕಾವಲುಗಾರರು. ಹೇಳಿದೆ. ಅಡ್ಡಗಟ್ಟಿದವರು ಪಿಸ್ತೂಲು ತೋರಿಸಿದರೆ, ಡ್ರೈವರನ ಕುತ್ತಿಗೆಗೆ ಚಾಕು ಇಟ್ಟರೆ, ನಿಮ್ಮ ಗುಂಡಿಗೆ ಕಾನೂನಿನ ಬೆಂಬಲವಿದೆ. ಪೆಟ್ಟಿಗೆ ಹೊತ್ತು ಮೋಟಾರ್ ಸೈಕಲ್ ಹತ್ತಿ ಹೊರಟುಹೋದರೆ ಇಲ್ಲ. ಆಗ ಗಾಡಿ ನಂಬರು ನೋಡಿಕೊಳ್ಳಿ, ಠಾಣೆಗೆ ಫೋನು ಮಾಡಿ. ಸಂತೆಯ ದಿನವಾದರಂತೂ ನಿಮ್ಮ ಗುಂಡು ಯಾರಿಗೆ ತಾಗೀತು ಎಂಬುದನ್ನೂ ಯೋಚಿಸಬೇಕು.

“ಬೆನ್ನಿಗೆ ಹೊಡೀಬ್ಯಾಡ ಅಂತೀರಿ. ಸೈನ್ಯದಾಗೂ ಹಂಗ ಹೇಳತಿದ್ರು. ಆದ್ರ ರೊಕ್ಕ ಹೋತು ಅಂದ್ರ ಮರುದಿನ ನನ್ನ ನೌಕರಿ ಹೋಗ್ತೈತ್ರಿ. ಅದಕ್ಕ ಯಾವ ಕಲಂ ಐತಿ?”

ನಾನು ತಡವರಿಸಿದೆ. ನೌಕರಿ ಉಳಿಸಿಕೊಳ್ಳಲು ಗುಂಡು ಹಾರಿಸುವ ಹಕ್ಕು ಆ ಹನ್ನೊಂದು ಕಲಮುಗಳಲ್ಲಿ ಎಲ್ಲೂ ಇಲ್ಲ. ಆ ಮಾತನ್ನು ಅವರ ಕೈಗೆ ಬಂದೂಕು ಕೊಟ್ಟವರು ಮೊದಲ ದಿನವೇ ಹೇಳಬೇಕಿತ್ತು, ಬರೆದುಕೊಡಬೇಕಿತ್ತು. ಚಹಾದಂಗಡಿಯಲ್ಲಿ ಸಿಕ್ಕ ವಕೀಲನಲ್ಲ.

ಅಷ್ಟರಲ್ಲಿ ವ್ಯಾನು ಬಂದು ಹಾರ್ನು ಹೊಡೆಯಿತು. ಬೇಡವೆಂದರೂ ಕೇಳದೆ ಇಬ್ಬರ ಚಹಾದ ದುಡ್ಡನ್ನೂ ಕೊಟ್ಟು, ನಳಿಗೆಯನ್ನು ನೆಲದ ಕಡೆಗೆ ಹಿಡಿದುಕೊಂಡು ಹತ್ತಿದರು.