ನಿಧಾನದ ಪಾತ್ರೆಯೂ ಕೆಂಪು ಕಾಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ದೂರದೇಶಗಳಲ್ಲಿ ಸಂಸಾರ ಹೂಡಿರುವರು. ಅವರ ಅಡಿಗೆಮನೆಗಳಲ್ಲಿ ‘ಸ್ಲೋ ಕುಕರ್’ ಎಂಬ ವಿದ್ಯುತ್ತಿನ ಪಾತ್ರೆಯೊಂದು ನೆಲೆಗೊಂಡಿರುವುದು. ಬೆಳಿಗ್ಗೆ ಕಾಳು, ನೀರು, ಈರುಳ್ಳಿಗಳನ್ನು ಅದರಲ್ಲಿ ಹಾಕಿ ಉದ್ಯೋಗಕ್ಕೆ ಹೋದರೆ ಸಂಜೆಗೆ ಊಟವು ಸಿದ್ಧ. ಇದನ್ನು ಸೋಮಾರಿತನವೆಂದು ಹಳಿಯುವ ಹಿರಿಯರ ಮಾತನ್ನು ನಾನು ಸುತರಾಂ ಒಪ್ಪಲಾರೆನು. ನಮ್ಮ ಅಜ್ಜಿಯರು ಹುರಳಿಯ ಮಡಕೆಯನ್ನು ಕೊಡಿಯೊಲೆಯ ಮೇಲಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿರಲಿಲ್ಲವೇ?

ಈ ಪಾತ್ರೆಯ ಮೂಲವೂ ಕಾಳಿನ ಅಡಿಗೆಯೇ. ಯೆಹೂದ್ಯರು ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲ. ಆದಕಾರಣ ಶುಕ್ರವಾರ ಸಂಜೆಯೇ ಕಾಳು, ಬಾರ್ಲಿ, ಆಲೂಗಡ್ಡೆ, ಮಾಂಸಗಳ ‘ಚೋಲೆಂಟ್’ ಗಡಿಗೆಯನ್ನು ರೊಟ್ಟಿಯಂಗಡಿಯ ಒಲೆಯೊಳಗೆ ಇಟ್ಟುಬರುವ ರೂಢಿಯು ಲಿಥುವೇನಿಯದ ವಿಲ್ನಾ ನಗರದಲ್ಲಿತ್ತು. ಆ ಸಂಗತಿಯನ್ನು ತಾಯಿಯ ಬಾಯಿಂದ ಕೇಳಿದ ಷಿಕಾಗೋದ ಅರ್ವಿಂಗ್ ನ್ಯಾಕ್ಸನ್ ಎಂಬಾತನು ವಿದ್ಯುತ್ ಪಾತ್ರೆಯೊಂದನ್ನು ಕಲ್ಪಿಸಿ 1940ರಲ್ಲಿ ಹಕ್ಕುಪತ್ರ ಪಡೆದನು. ಅದೇ 1971ರಲ್ಲಿ ‘ಕ್ರಾಕ್‌ಪಾಟ್’ ಎಂಬ ಹೊಸ ಹೆಸರಿನಿಂದ ಮನೆಮನೆಗೆ ಬಂದಿತು.

ನನ್ನ ಆಕ್ಷೇಪವು ಪಾತ್ರೆಯ ಮೇಲಲ್ಲ; ಹಾಕಿ ಮರೆತುಬಿಡಿರೆಂಬ ಉಪದೇಶದ ಮೇಲೆ. ನನ್ನ ಮಗಳು ಹಾಲು, ತುಪ್ಪ, ಜೇನುಗಳನ್ನೂ ತ್ಯಜಿಸಿದವಳು. ಇಂಥವರಿಗೆ ‘ವೀಗನ್’ ಎಂಬ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಕಾಳೇ ಇವರ ದೇಹಪುಷ್ಟಿಗೆ ಮುಖ್ಯಾಧಾರವಷ್ಟೆ. ನಾನು ಅವಳಲ್ಲಿಗೆ ಹೋಗಿದ್ದಾಗ ಕೈಪಿಡಿಯಲ್ಲಿದ್ದಂತೆ ರಾಜ್ಮಾ ನೆನೆಸಿ, ಮಂದ ಶಾಖದಲ್ಲಿ ಎಂಟು ಗಂಟೆ ಇಟ್ಟೆವು. ಕಾಳು ನಡುವೆ ಕೊಂಚ ಗಟ್ಟಿಯೆನಿಸಿದರೂ ಹಸಿವೆಯಲ್ಲಿ ಉಂಡೆವು. ಎರಡು ಗಂಟೆ ಕಳೆಯುವಷ್ಟರಲ್ಲಿ ಮೂವರಿಗೂ ವಾಂತಿ ಹಿಡಿಯಿತು.

ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷವೊಂದಿದೆ. ನಾಲ್ಕೈದು ಹಸಿ ಕಾಳುಗಳೇ ಹೊಟ್ಟೆಯನ್ನು ಕೆಡಿಸಬಲ್ಲವು. ಚೆನ್ನಾಗಿ ಕುದಿದರೆ ಅದು ನಾಶವಾಗುವುದು. ಆದರೆ 80 ಡಿಗ್ರಿಯಷ್ಟು ಮಂದ ಶಾಖದಲ್ಲಿ ನಾಶವಾಗದೆ, ಹಸಿ ಕಾಳಿಗಿಂತ ಹೆಚ್ಚು ಉಗ್ರವಾಗುವುದೂ ಉಂಟು! ನಮ್ಮ ನಾಡಿನ ತಾಯಂದಿರು ಈ ಸಂಗತಿಯನ್ನು ಕೇಳದಿರುವುದಕ್ಕೆ ಕಾರಣವು ಪ್ರೆಷರ್ ಕುಕರೇ ಎಂದು ನನ್ನ ಎಣಿಕೆ. ಅದರ ಸೀಟಿಗಳು ನಮಗರಿವಿಲ್ಲದೆಯೇ ನಮ್ಮನ್ನು ಕಾಯುತ್ತ ಬಂದಿವೆ.

ಮಾಡತಕ್ಕದ್ದು ಅಲ್ಪವೇ. ಕಾಳನ್ನು ಕನಿಷ್ಠ ಐದು ಗಂಟೆ, ಅಥವಾ ರಾತ್ರಿಯೆಲ್ಲ, ನೆನೆಸಿ ಆ ನೀರನ್ನು ಚೆಲ್ಲಬೇಕು. ಹೊಸ ನೀರಿನಲ್ಲಿ ಬೇರೆ ಪಾತ್ರೆಯಲ್ಲಿ ಕೊತಕೊತನೆ ಕುದಿಸಬೇಕು. ಹತ್ತು ನಿಮಿಷವೇ ಸಾಕೆಂಬವರುಂಟು. ಅಮೆರಿಕದ ಆಹಾರ ಇಲಾಖೆಯು 30 ನಿಮಿಷವೆನ್ನುತ್ತದೆ, ನಾನೂ ಅಷ್ಟನ್ನೇ ಹಿಡಿದಿರುವೆನು. ಅನಂತರವೇ ನಿಧಾನದ ಪಾತ್ರೆಗೆ ಸುರಿಯಬೇಕು. ಟೊಮೆಟೊ, ಹುಣಿಸೆಗಳ ಹುಳಿಯು ಕಾಳನ್ನು ಮೆತ್ತಗಾಗಗೊಡದು. ಅವನ್ನು ಕಡೆಗೆ ಸೇರಿಸುವುದು ಲೇಸು. ಒಗ್ಗರಣೆಗೆ ತುಪ್ಪದ ಬದಲು ಕೊಬ್ಬರಿ ಎಣ್ಣೆಯಾದರೆ ರುಚಿಗೇನೂ ಕೊರತೆಯಿಲ್ಲ. ನನಗಂತೂ ಅದೇ ಹೆಚ್ಚು ಹಿಡಿಸಿತು.

ಪಾತ್ರೆ ಮಾಡುವವರು ಬಣ್ಣದ ಚಿತ್ರಗಳಿಗೆ ಕೊಡುವ ಜಾಗದಲ್ಲಿ ಒಂದಂಗುಲವನ್ನು ಈ ಎಚ್ಚರಿಕೆಗೆ ಮೀಸಲಿಡಬಾರದೇಕೆ? ಅವರು ಅಚ್ಚುಹಾಕಿಸುವವರೆಗೆ, ತಾಯಂದಿರೇ, ಹೊರದೇಶದ ಹೆಣ್ಣುಮಕ್ಕಳೊಡನೆ ಮಾತಾಡುವಾಗ ಇದಿಷ್ಟನ್ನು ಹೇಳಿಬಿಡಿರಿ. ನನ್ನ ಮಗಳು ಇದನ್ನು ಚೀಟಿಯಲ್ಲಿ ಬರೆದು ಪಾತ್ರೆಯ ಮುಚ್ಚಳಕ್ಕೇ ಅಂಟಿಸಿದ್ದಾಳೆ.