ರೇಟ್ ಕೇಳುವ ಮೊದಲು ಬಿಟ್ ಯಾವುದೆಂದು ಕೇಳಿ

ಪೀಣ್ಯಕ್ಕೆ ಅಂಟಿಕೊಂಡಿರುವ ರಾಜಗೋಪಾಲನಗರದ ಗಲ್ಲಿಗಳಲ್ಲಿ ಲೇತ್, ಮಿಲ್ಲಿಂಗ್, ಟೂಲ್ ಗ್ರೈಂಡಿಂಗ್ ಶೆಡ್‌ಗಳಿಗೆ ಬರವಿಲ್ಲ. ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚುಕಮ್ಮಿಯಾದರೂ ಅಲ್ಲಿ ಮಾಲು ವಾಪಸ್. ಅದೇ ಸುತ್ತಿನ ಎಷ್ಟೋ ಟಿಂಕರಿಂಗ್ ಶೆಡ್‌ಗಳಲ್ಲಿ ಮಾತ್ರ ಹಳೇ ಕಾರಿನ ತುಕ್ಕು ಹಿಡಿದ ಫ್ಲೋರನ್ನು ಇವತ್ತಿಗೂ ಉಳಿ-ಸುತ್ತಿಗೆಯಿಂದಲೇ ಎಬ್ಬಿಸುತ್ತಾರೆ, ಅವಸರವಿದ್ದರೆ ಗ್ಯಾಸ್ ಹಚ್ಚಿ ಕೊಯ್ಯುತ್ತಾರೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾದಾಗಿನಿಂದ ಹರಿತವಾದ ಟೂಲಿನ ಬೆಲೆ ಬಲ್ಲ ಊರಿದು. ಆ ವಿದ್ಯೆ ಪಕ್ಕದ ಶೆಡ್ಡಿಗೆ ದಾಟದೇ ಇರುವುದು ಸೋಜಿಗ.

ಈ ಕೆಲಸಕ್ಕೆ ಗಿರಾಕಿಗಳಂತೂ ಕಮ್ಮಿಯಾಗಿಲ್ಲ. 1983ರಲ್ಲಿ ಬಂದ ಮಾರುತಿ 800 ತಯಾರಿಕೆ ನಿಂತದ್ದು 2014ರಲ್ಲಿ. ಅಂಬಾಸಿಡರ್ ನಿಂತದ್ದೂ ಅದೇ ವರ್ಷ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೂ ಆರ್‌ಟಿಒ ತಪಾಸಣೆ ಮುಗಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಎಂಜಿನ್ ಗಟ್ಟಿಯಾಗಿದ್ದರೂ ತಳ ಕೈಕೊಡುತ್ತದೆ. ಬಾಗಿಲ ರಬ್ಬರ್ ಸವೆದು ಒಳಗಿಳಿದ ಮಳೆನೀರು ಮ್ಯಾಟಿನಡಿ ನಿಲ್ಲುತ್ತದೆ. ಮೇಲೆ ಒಣಗಿದಂತೆ ಕಂಡರೂ ಕೆಳಗಿನ ಪದರ ವಾರಗಟ್ಟಲೆ ಹಸಿಯಾಗಿರುತ್ತದೆ. ಇಂಥ ಕಾರುಗಳಲ್ಲಿ ಬೇರೆ ಚಾಸಿ ಇರುವುದಿಲ್ಲ, ಫ್ಲೋರೇ ಬಾಡಿಯ ಬಲ. ಸೀಟಿನ ಬೋಲ್ಟ್‌ಗಳು ಕೂರುವುದೂ ಅದರ ಮೇಲೆಯೇ.

ಆ ಫ್ಲೋರನ್ನು ಸಿಲ್ಲಿಗೆ, ಕ್ರಾಸ್ ಮೆಂಬರಿಗೆ ಹಿಡಿದಿಟ್ಟಿರುವುದು ಸ್ಪಾಟ್ ವೆಲ್ಡಿಂಗ್. ಎರಡು ತಗಡುಗಳನ್ನು ತಾಮ್ರದ ತುದಿಗಳ ನಡುವೆ ಒತ್ತಿ ಸಾವಿರಾರು ಆಂಪಿಯರ್ ಕರೆಂಟ್ ಹಾಯಿಸಿದರೆ, 5-6 ಮಿ.ಮೀ. ಅಗಲದ ಒಂದು ಚುಕ್ಕೆಯಷ್ಟು ಲೋಹ ಕರಗಿ ಒಂದಾಗುತ್ತದೆ. ಒಂದು ಕಾರಿನ ಬಾಡಿಯಲ್ಲಿ ಇಂಥ ಚುಕ್ಕೆಗಳು ಸಾವಿರಾರು. ಕೊಳೆತ ಮೇಲಿನ ತಗಡು ಬರಬೇಕು, ಗಟ್ಟಿ ಇರುವ ಕೆಳಗಿನ ಅಂಚು ಉಳಿಯಬೇಕು. ತಗಡಿನ ದಪ್ಪವೋ, ಸುಮಾರು 0.8 ಮಿ.ಮೀ. ಕೈ ತಪ್ಪಲು ಜಾಗವೇ ಇಲ್ಲ.

ಉಳಿ ಬಡಿದರೆ ವೆಲ್ಡ್ ಬಿಡುವುದಿಲ್ಲ, ಅದರ ಸುತ್ತಲಿನ ತಗಡು ಹರಿಯುತ್ತದೆ. ಗ್ಯಾಸಿನ ಬಿಸಿಗೆ ತೆಳು ತಗಡು ಸೊಟ್ಟಗಾಗುತ್ತದೆ, ಅಂಡರ್‌ಕೋಟಿಂಗ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಪೈಪು, ಬ್ರೇಕ್ ಪೈಪುಗಳು ಇದೇ ಫ್ಲೋರಿನಡಿ ಹಾಯುತ್ತವೆ ಎಂಬುದನ್ನು ಮರೆತವರೇ ಈ ದಾರಿ ಹಿಡಿಯಬೇಕು. ಗುಜರಿಗೆ ಹೋಗುವ ಬಾಡಿಯಾದರೆ ಗ್ಯಾಸ್ ಸರಿ, ಮತ್ತೆ ರಸ್ತೆಗಿಳಿಯುವ ಕಾರಿಗಲ್ಲ.

ಹಾಗಾದರೆ ಡ್ರಿಲ್ ಸಾಕಲ್ಲವೇ? ಇಲ್ಲೊಂದು ಸಣ್ಣ ಲೆಕ್ಕವಿದೆ. ಅಂಗಡಿಯ ಮಾಮೂಲಿ ಬಿಟ್ಟಿನ ಮೂತಿ 118 ಡಿಗ್ರಿ. 8 ಮಿ.ಮೀ. ಬಿಟ್ಟಿನಲ್ಲಿ ಆ ಮೂತಿಯ ಉದ್ದವೇ ಸುಮಾರು 2.4 ಮಿ.ಮೀ. ಎರಡೂ ತಗಡು ಸೇರಿದರೆ 1.6. ಅಂದರೆ ಬಿಟ್ಟಿನ ಪೂರ್ತಿ ಅಗಲ ಮೇಲಿನ ತಗಡನ್ನು ಮುಟ್ಟುವ ಮೊದಲೇ ಮೂತಿ ಕೆಳಗಿನ ತಗಡನ್ನೂ ತೂರಿ ಆಚೆ ಬಂದಿರುತ್ತದೆ. ಉಳಿಸಬೇಕಾದ ಅಂಚಿನಲ್ಲಿ ವೆಲ್ಡಿಗೊಂದು ತೂತು.

ಇದಕ್ಕೆಂದೇ ಬರುವ ಹೋಲ್‌ಸಾ ಮಾದರಿಯ ಸ್ಪಾಟ್ ವೆಲ್ಡ್ ಕಟರ್ ಕೆಳಗಿನ ತಗಡನ್ನು ಕಾಪಾಡುತ್ತದೆ. ನಡುವೆ ಸ್ಪ್ರಿಂಗ್ ಪಿನ್, ಸುತ್ತ ಹಲ್ಲು. ಆದರೆ ಕೈ ಕೊಂಚ ವಾಲಿದರೂ ಹಲ್ಲು ಮುರಿಯುತ್ತದೆ. ಕೆಳಗೆ ಉಳಿದ ವೆಲ್ಡಿನ ಗುಬುಟನ್ನು ಆಮೇಲೆ ಗ್ರೈಂಡರಿನಿಂದ ಸವೆಸಬೇಕು. ಇದಕ್ಕಿಂತ ಚಪ್ಪಟೆ ಮೂತಿಯ, ನಡುವೆ ಚಿಕ್ಕ ಮೊನೆ ಬಿಟ್ಟ 8 ಮಿ.ಮೀ. ಬಿಟ್ ಲೇಸು. ಅದು ಇಡೀ ಅಗಲವನ್ನು ಒಟ್ಟಿಗೇ ಕೆರೆಯುತ್ತದೆ. ರಾಜಗೋಪಾಲನಗರದ ಮಟ್ಟಿಗೆ ಇನ್ನೊಂದು ಅನುಕೂಲವೂ ಇದೆ: ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಮೊಂಡಾದ ಹಳೇ ಎಚ್‌ಎಸ್‌ಎಸ್ ಬಿಟ್ ಒಯ್ದು ಹತ್ತಿರದ ಟೂಲ್ ಗ್ರೈಂಡಿಂಗ್‌ನವರಿಗೆ ಕೊಟ್ಟರೆ ಅದೇ ಆಕಾರಕ್ಕೆ ಸಾಣೆ ಹಿಡಿದು ಕೊಡುತ್ತಾರೆ.

ಬಿಟ್ ಸರಿಯಿದ್ದರೂ ಅವಸರ ಕೂಡದು. ಮೊದಲು ಅಂಡರ್‌ಕೋಟಿಂಗ್ ಕೆರೆದು, ವೈರ್ ಬ್ರಶ್ಶಿನಿಂದ ಉಜ್ಜಿ ವೆಲ್ಡಿನ ತಗ್ಗು ಹುಡುಕಬೇಕು. ಪ್ರತಿಯೊಂದರ ನಡುಮಧ್ಯಕ್ಕೆ ಸೆಂಟರ್ ಪಂಚ್ ಹೊಡೆಯಬೇಕು. ಡ್ರಿಲ್ ನಿಧಾನಕ್ಕೆ ತಿರುಗಲಿ, ಒಂದು ಹನಿ ಎಣ್ಣೆ ಬೀಳಲಿ. ಮೇಲಿನ ತಗಡು ಮುಗಿಯುತ್ತಿದ್ದಂತೆ ತೂತಿನ ತಳದಲ್ಲಿ ಕೂದಲೆಳೆಯಂಥ ಒಂದು ಉಂಗುರ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ ಎರಡು ತಗಡುಗಳ ನಡುವೆ ತೆಳು ಪಟ್ಟಿ ತೂರಿಸಿ ಹಗುರಾಗಿ ತಟ್ಟಿದರೆ ಬಿಡುತ್ತದೆ. ಡ್ರಿಲ್ ಹೋಗದ ಸಂದಿಗೆ 10 ಮಿ.ಮೀ. ಬೆಲ್ಟ್ ಸ್ಯಾಂಡರ್ ಆದೀತು.

ಟೈಮ್ ಎಲ್ಲಿದೆ ಎಂದು ಟಿಂಕರ್‌ಗಳು ಕೇಳುವುದರಲ್ಲಿ ನ್ಯಾಯವಿದೆ. ಬಿಚ್ಚುವುದು, ಕೂರಿಸುವುದು, ಪೇಂಟು ಎಲ್ಲ ಸೇರಿಸಿ ಒಂದೇ ಮೊತ್ತಕ್ಕೆ ಮಾತಾಡಿ, ಅದರಲ್ಲೂ ಚೌಕಾಸಿಗಿಳಿಯುವ ಮಾಲೀಕರಿಗೆ ಉಳಿಯ ಕೆಲಸವೇ ಸಿಗುತ್ತದೆ. ಒಂದೊಂದೇ ವೆಲ್ಡ್ ಕೆರೆಯಲು ಗಂಟೆಗಳು ಬೇಕು. ಬಿಚ್ಚುವ ಕೂಲಿಯನ್ನು ಬೇರೆಯೇ ಗೊತ್ತುಮಾಡುವುದು ಒಳ್ಳೆಯದು. ಹರಿದ ಅಂಚಿಗೆ ತೇಪೆ ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಲು ಹೋಗುವ ಹೊತ್ತಿಗೂ ಕೊನೆಗೆ ಕಾಸು ಕೊಡುವವರು ಮಾಲೀಕರೇ.

ಕೆಳಗಿನ ಅಂಚೂ ಕೊಳೆತಿದ್ದರೆ ಇಷ್ಟೆಲ್ಲ ನಾಜೂಕು ಬೇಡ. ಬಾಗಿಲ ಚೌಕಟ್ಟಿಗೆ ಅಡ್ಡ ಪೈಪಿನ ಆಧಾರ ಕೊಟ್ಟು, ಬ್ಯಾಟರಿ ಕಳಚಿ, ಪೆಟ್ರೋಲ್ ಪೈಪು ಸರಿಸಿ, ಗ್ರೈಂಡರಿನ ಕಟಿಂಗ್ ವೀಲಿನಲ್ಲಿ ಎರಡನ್ನೂ ಒಟ್ಟಿಗೇ ಕೊಯ್ಯಬಹುದು. ಅಂಚು ಉಳಿದಿದ್ದರೆ ಹೊಸ ಶೀಟಿಗೆ 8 ಮಿ.ಮೀ. ತೂತು ಹೊಡೆದು ಸಿಒಟು ವೆಲ್ಡಿಂಗಿನಲ್ಲಿ ತುಂಬಿದರೆ ಆಯಿತು. ಸತುವಿನ ಪ್ರೈಮರನ್ನು ಮಾತ್ರ ಶೀಟ್ ಕೂರಿಸುವ ಮೊದಲೇ ಎರಡೂ ಮೈಗೆ ಬಳಿದಿರಬೇಕು, ವೆಲ್ಡ್ ಆದ ಮೇಲೆ ಆ ಸಂದಿಗೆ ಬ್ರಶ್ ಹೋಗುವುದಿಲ್ಲ.